ಗುರುವಾರದ ಮೀಟಿಂಗು, ಬಾಗಿಲಾಚೆ ನಿಂತ ನಮ್ಮಪ್ಪ



ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತಿದ್ದಾಗ ಪೂರ್ತಿ ಓದಿ, ಅರ್ಧ ಓದಿ ಜಗಳಕ್ಕೆ ಬರಬೇಡಿ.

ಕಳೆದ ಏಪ್ರಿಲ್‌ನಲ್ಲಿ ನಮ್ಮೂರಿನ ಒಂದು ಸೇವಾ ಕ್ಲಬ್ಬಿನವರು ತಮ್ಮ ವಾರದ ಸಭೆಗೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ಬಾಬಾಸಾಹೇಬರ ಜಯಂತಿಯ ವಾರ. ಹೋಗಿ ಬಂದೆ. ಮಾರನೇ ದಿನವೇ ಸಂಗಾತಿಗಳ ಫೋನು ಶುರುವಾಯ್ತು. ಕೆಲವರು "ಆ ಸಾಹುಕಾರರ ಕ್ಲಬ್ಬಿಗೆ ನೀವ್ಯಾಕಣ್ಣ ಹೋದ್ರಿ?" ಅಂದ್ರು. ಇನ್ನು ಕೆಲವರು "ಮೆಂಬರ್ ಆಗಿ ಅಂತ ಕೇಳಿದ್ದಾರಂತೆ, ಆಗಿಬಿಡಿ, ನಮ್ಮೋರೂ ಒಬ್ಬರು ಇರಲಿ" ಅಂದ್ರು. ಇಬ್ಬರಿಗೂ ಫೋನಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಉತ್ತರಕ್ಕೆ ನೂರು ವರ್ಷದ ಇತಿಹಾಸ ಹೇಳಬೇಕು, ಅದರ ಜೊತೆಗೆ ನಮ್ಮಪ್ಪನ ಕಥೆಯನ್ನೂ ಹೇಳಬೇಕು.

ಕ್ಲಬ್ಬಿನ ಹೆಸರು ಹೇಳಲ್ಲ. ನಿಮ್ಮೂರಲ್ಲೂ ಅಂಥದ್ದೊಂದು ಇರುತ್ತೆ. ಬಸ್‌ಸ್ಟ್ಯಾಂಡಿನ ಹತ್ತಿರ ತಂಗುದಾಣದ ಮೇಲೆ ಬೋರ್ಡು, ಆಸ್ಪತ್ರೆ ಮುಂದೆ ಕುಡಿಯೋ ನೀರಿನ ತೊಟ್ಟಿ, ಸರ್ಕಾರಿ ಶಾಲೆಗೆ ಎರಡು ಬೆಂಚು, ಬೆಂಚಿನ ಬೆನ್ನಿಗೆ ದಾನಿಗಳ ಹೆಸರು. ಅವರ ಕೆಲಸ ಸುಳ್ಳು ಅಂತ ನಾನು ಹೇಳ್ತಿಲ್ಲ. ಆ ನೀರನ್ನ ನಾನೂ ಕುಡಿದಿದ್ದೀನಿ.

ನಮ್ಮಪ್ಪ ಪುರಸಭೆಯಲ್ಲಿ ಪೌರಕಾರ್ಮಿಕ. ಆಗ 'ಜಾಡಮಾಲಿ' ಅಂತಲೇ ಕರೀತಿದ್ರು. ಬೆಳಗಿನ ಜಾವ ಬೀದಿ ಗುಡಿಸೋದು, ಚರಂಡಿ ಬಾಚೋದು ಪುರಸಭೆ ಕೆಲಸ. ಗುರುವಾರ ಸಂಜೆ ಕ್ಲಬ್ಬಿನ ಹಾಲ್ ಗುಡಿಸೋದು, ಹಿಂದಿನ ಕಕ್ಕಸು ತೊಳೆಯೋದು ಮೇಲಿನ ಸಂಪಾದನೆ. ನಾನು ನಾಲ್ಕನೇ ಐದನೇ ಕ್ಲಾಸಲ್ಲಿದ್ದಾಗ ಅಪ್ಪನ ಜೊತೆ ಹೋಗಿ ಜಗಲಿ ಮೇಲೆ ಕೂತ್ಕೋತಿದ್ದೆ. ಆರೂವರೆಗೆ ಸ್ಕೂಟರುಗಳು, ಒಂದೆರಡು ಅಂಬಾಸಿಡರ್ ಕಾರು ಬರ್ತಿದ್ವು. ರೈಸ್‌ಮಿಲ್ಲಿನವರು, ಪೆಟ್ರೋಲ್ ಬಂಕಿನವರು, ಡಾಕ್ಟರು, ಲಾಯರು, ಬಟ್ಟೆ ಅಂಗಡಿಯವರು. ಒಳಗೆ ಅಧ್ಯಕ್ಷರು ಗಂಟೆ ಹೊಡೆದರೆ ಎಲ್ಲರೂ ಎದ್ದು ನಿಲ್ಲೋರು, ಜನಗಣಮನ ಹಾಡೋರು. ಹೊರಗೆ ನಮ್ಮಪ್ಪನೂ ಪೊರಕೆಯನ್ನ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲೋನು. ನನ್ನ ಹೆಗಲು ಹಿಡಿದು ಎಬ್ಬಿಸಿ ನಿಲ್ಲಿಸೋನು. ಆ ಐವತ್ತೆರಡು ಸೆಕೆಂಡು ಒಳಗಿದ್ದೋರು, ಹೊರಗಿದ್ದೋರು ಎಲ್ಲಾ ಒಂದೇ ಥರ ನಿಂತಿರ್ತಿದ್ವಿ. ಮುಗಿದ ಮೇಲೆ ಅವರು ಕುರ್ಚಿ ಮೇಲೆ ಕೂರೋರು, ಅಪ್ಪ ಪೊರಕೆ ತಗೊಂಡು ಹಿತ್ತಲಿಗೆ ಹೋಗೋನು.

ಮೀಟಿಂಗ್ ಮುಗಿದ ಮೇಲೆ ಉಪ್ಪಿಟ್ಟು, ಕೇಸರಿಬಾತು, ಟೀ. ನಮಗೂ ಕೊಡೋರು, ಪೇಪರಿನಲ್ಲಿ ಸುತ್ತಿ, ಕಿಟಕಿಯಿಂದ. ಟೀಗೆ ಅಪ್ಪನದ್ದೇ ಒಂದು ಗಾಜಿನ ಲೋಟ ಇತ್ತು, ಕಿಟಕಿಯ ಹೊರಗಿನ ಗೂಡಿನಲ್ಲಿ. ಅಪ್ಪ ಅದನ್ನ ತೊಳೆದು ಹಿಡಿಯೋನು, ಮೇಲಿಂದ ಸುರಿಯೋರು. ಅಪ್ಪನಿಗಿಂತ ಹದಿನೈದು ವರ್ಷ ಚಿಕ್ಕವರೂ "ಏಯ್, ಬಾರೋ ಇಲ್ಲಿ" ಅನ್ನೋರು. ಅಪ್ಪ "ಬಂದೆ ಬುದ್ದಿ" ಅನ್ನೋನು. ಆಗ ನನಗೆ ಅದು ತಪ್ಪು ಅಂತ ಗೊತ್ತಿರಲಿಲ್ಲ. ಕೇಸರಿಬಾತು ಸಿಗುತ್ತಲ್ಲ ಅನ್ನೋ ಖುಷಿಯೇ ದೊಡ್ಡದಿತ್ತು.

ಈಗ ಇತಿಹಾಸಕ್ಕೆ ಬರೋಣ. ಈ ವಾರದ ಮೀಟಿಂಗು ಅನ್ನೋ ಪದ್ಧತಿ ಎಲ್ಲಿಂದ ಬಂತು?

1905ರ ಫೆಬ್ರವರಿ 23. ಅಮೆರಿಕದ ಶಿಕಾಗೋ ಪಟ್ಟಣ. ಪಾಲ್ ಹ್ಯಾರಿಸ್ ಅನ್ನೋ ಒಬ್ಬ ಲಾಯರು, ಗಣಿ ಇಂಜಿನಿಯರ್ ಗಸ್ಟಾವಸ್ ಲೋರ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ, ಟೈಲರ್ ಹೈರಮ್ ಶೋರಿ. ಈ ನಾಲ್ಕು ಜನ ಲೋರ್‌ನ ಆಫೀಸಲ್ಲಿ ಕೂತು ಮಾತಾಡಿದರು. ಹ್ಯಾರಿಸ್ ಚಿಕ್ಕ ಊರಿಂದ ದೊಡ್ಡ ಪಟ್ಟಣಕ್ಕೆ ಬಂದವನು. ಅಷ್ಟು ಜನರ ನಡುವೆ ಗೆಳೆಯರಿಲ್ಲ. ವ್ಯವಹಾರದ ಜೊತೆಗೆ ಸ್ನೇಹವೂ ಬೇಕು ಅಂತ ಶುರು ಮಾಡಿದರು. ಒಂದು ಸಲ ಒಬ್ಬರ ಆಫೀಸು, ಇನ್ನೊಂದು ಸಲ ಇನ್ನೊಬ್ಬರದು, ಹೀಗೆ ಸರದಿ ಪ್ರಕಾರ ಸೇರ್ತಿದ್ದರಿಂದ 'ರೋಟರಿ' ಅಂತ ಹೆಸರು ಬಂತು. ಅದೇ ಶಿಕಾಗೋದಲ್ಲಿ 1917ರಲ್ಲಿ ವಿಮಾ ವ್ಯವಹಾರದ ಮೆಲ್ವಿನ್ ಜೋನ್ಸ್ ಮುಂದಾಳತ್ವದಲ್ಲಿ ಲಯನ್ಸ್ ಹುಟ್ಟಿತು. 1925ರಲ್ಲಿ ಹೆಲೆನ್ ಕೆಲ್ಲರ್ ಅವರ ಸಮ್ಮೇಳನಕ್ಕೆ ಬಂದು, ಕುರುಡುತನದ ವಿರುದ್ಧ ನಮ್ಮ ಜೊತೆ ನಿಲ್ಲಿ ಅಂತ ಕೇಳಿಕೊಂಡರು. ನಮ್ಮ ತಾಲ್ಲೂಕುಗಳಲ್ಲಿ ನಡೆಯೋ ಲಯನ್ಸ್ ಕಣ್ಣಿನ ಕ್ಯಾಂಪುಗಳ ಬೇರು ಅಲ್ಲಿದೆ.

ಇನ್ನೊಂದು ವಿಷಯ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಶಿಕಾಗೋ ರೋಟರಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಸೇವೆ ಯಾವುದು ಗೊತ್ತಾ? ಪಟ್ಟಣದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಬೇಕು ಅನ್ನೋ ಪ್ರಯತ್ನ, 1907ರಲ್ಲಿ. ಅಂದ್ರೆ ಈ ಸೇವಾ ಕ್ಲಬ್ಬುಗಳ ಸೇವೆ ಶುರುವಾಗಿದ್ದೇ ಕಕ್ಕಸಿನಿಂದ. ಈ ಮಾತಿಗೆ ಮತ್ತೆ ಬರ್ತೀನಿ.

ಈ ಕ್ಲಬ್ಬುಗಳು ಗಟ್ಟಿಯಾಗಿದ್ದು ನಿಯಮದಿಂದ. ರೋಟರಿಯ ಹಳೇ ನಿಯಮಗಳನ್ನ ನೋಡಿ. ವಾರಕ್ಕೊಂದು ಸಭೆ, ಗೊತ್ತಾದ ದಿನ, ಗೊತ್ತಾದ ಹೊತ್ತು. ಸಕಾರಣ ಇಲ್ಲದೆ ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವ ಹೋಗುತ್ತೆ. ನಿಮ್ಮೂರ ಸಭೆ ತಪ್ಪಿದರೆ ಬೇರೆ ಊರಿನ ಕ್ಲಬ್ಬಿಗೆ ಹೋಗಿ ಹಾಜರಿ ತುಂಬಿಸಬೇಕು. 2016ರಲ್ಲಿ ಈ ಬಿಗಿಯನ್ನ ಸಡಿಲ ಮಾಡಿ, ತಿಂಗಳಿಗೆ ಕನಿಷ್ಠ ಎರಡು ಸಭೆ ಸಾಕು ಅಂದರು. ಆದರೆ ಅದಕ್ಕೂ ಮುಂಚೆ ಸುಮಾರು ನೂರು ವರ್ಷ ಈ ಶಿಸ್ತು ನಡೆದಿತ್ತು.

ಎರಡನೇ ನಿಯಮ ಇನ್ನೂ ಮುಖ್ಯ. ಒಂದು ಕಸುಬಿಗೆ ಒಬ್ಬರೇ ಸದಸ್ಯರು ಅನ್ನೋದು. ಒಬ್ಬ ಲಾಯರು, ಒಬ್ಬ ಪ್ರಿಂಟರು, ಒಬ್ಬ ಟೈಲರು. ಒಳಗೆ ಪೈಪೋಟಿ ಬರಬಾರದು, ಊರಿನ ಎಲ್ಲಾ ಕಸುಬೂ ಒಂದೇ ಮೇಜಿನ ಸುತ್ತ ಇರಲಿ ಅನ್ನೋ ಯೋಚನೆ. ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಇದನ್ನ ತಂದು ನಮ್ಮ ದೇಶದಲ್ಲಿಟ್ಟರೆ ಏನಾಗುತ್ತೆ ನೋಡಿ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ, ಜಾತಿ ಅಂದ್ರೆ ಬರೀ ಕೆಲಸದ ಹಂಚಿಕೆ ಅಲ್ಲ, ಕೆಲಸ ಮಾಡೋ ಜನರನ್ನೇ ಮೇಲು ಕೀಳು ಅಂತ ಒಡೆದು ಹಂಚಿರೋದು ಅಂತ ವಾದಿಸಿದ್ದಾರೆ. ಅಂಥ ಊರಲ್ಲಿ 'ಕಸುಬಿಗೊಬ್ಬರು' ಅಂದ್ರೆ ಯಾರು ಬರ್ತಾರೆ? ಚಪ್ಪಲಿ ಶೋರೂಮಿನ ಮಾಲೀಕರು ಪಾದರಕ್ಷೆ ಕಸುಬಿನ ಸದಸ್ಯರಾಗ್ತಾರೆ, ಅದೇ ಅಂಗಡಿ ಮುಂದೆ ಕೂತು ಚಪ್ಪಲಿ ಹೊಲಿಯೋನು ಆಗಲ್ಲ. ಮನೆ ಕಟ್ಟೋ ಕಸುಬಿಗೆ ಕಂಟ್ರಾಕ್ಟರ್ ಬರ್ತಾರೆ, ಗಾರೆ ಹೊರೋಳು ಬರಲ್ಲ. ಊರು ಸ್ವಚ್ಛ ಇಡೋ ಕಸುಬಿಗಂತೂ ಆ ಮೇಜಿನಲ್ಲಿ ಕುರ್ಚಿಯೇ ಇಲ್ಲ. ಕಸುಬಿನ ಯಜಮಾನನಿಗೆ ಮಾತ್ರ ಪ್ರವೇಶ. ನಮ್ಮವರು ಕಸುಬು ಮಾಡ್ತಾರೆ, ಯಜಮಾನರಲ್ಲ.

ಭಾರತಕ್ಕೆ ರೋಟರಿ ಬಂದಿದ್ದು 1919ರಲ್ಲಿ, ಕಲ್ಕತ್ತಾಕ್ಕೆ. ಬೆಂಗಳೂರಿಗೆ 1934ರಲ್ಲಿ. ಲಯನ್ಸ್ 1956ರಲ್ಲಿ ಬೊಂಬಾಯಿಗೆ. ನ್ಯಾಯವಾಗಿ ಒಂದು ಮಾತು ಹೇಳಬೇಕು. ಬಿಳಿಯರ ಎಷ್ಟೋ ಕ್ಲಬ್ಬುಗಳು ಭಾರತೀಯರನ್ನ ಒಳಗೆ ಬಿಟ್ಟುಕೊಳ್ಳದ ಕಾಲ ಅದು. ಬೆಂಗಳೂರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ ಕಟ್ಟಿದ್ದು ಆ ಹಿನ್ನೆಲೆಯಲ್ಲೇ. ಬಿಳಿಯರು ಬಾಗಿಲು ಹಾಕಿದಾಗ ಆದ ಅವಮಾನ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮರುವರ್ಷವೇ ಮೈಸೂರು ಸಂಸ್ಥಾನದಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡೋ ಮಾತು ಬಂದಾಗ, ಅದೇ ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ಮುಖಕ್ಕೆ ಹಾಕಿದ ಬಾಗಿಲು ಕಾಣುತ್ತೆ, ತಾವು ಹಾಕಿದ ಬಾಗಿಲು ಕಾಣಲ್ಲ.

ಕಲ್ಕತ್ತಾದಲ್ಲಿ ಇಂಡಿಯನ್ನರೂ ಬ್ರಿಟಿಷರೂ ಒಂದೇ ಮೇಜಲ್ಲಿ ಊಟ ಮಾಡಬಹುದಾದ ಕ್ಲಬ್ಬು ಬಂದು ಎಂಟು ವರ್ಷವಾಗಿತ್ತು. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿಯಬೇಕಾಯ್ತು. ಒಂದೇ ದೇಶ, ಒಂದೇ ಕಾಲ. ಒಬ್ಬರಿಗೆ ಬಿಳಿಯರ ಪಕ್ಕದಲ್ಲಿ ಕೂರೋ ಪ್ರಶ್ನೆ, ಇನ್ನೊಬ್ಬರಿಗೆ ಒಂದು ಬೊಗಸೆ ನೀರಿನ ಪ್ರಶ್ನೆ.

ಹೆಂಗಸರ ಕಥೆಯನ್ನೂ ಇಲ್ಲಿ ಸೇರಿಸಬೇಕು. ರೋಟರಿ ಬಹಳ ಕಾಲ ಗಂಡಸರಿಗೆ ಮಾತ್ರ ಸದಸ್ಯತ್ವ ಕೊಡ್ತಿತ್ತು. ಕ್ಯಾಲಿಫೋರ್ನಿಯಾದ ದುವಾರ್ಟೆ ಅನ್ನೋ ಸಣ್ಣ ಊರಿನ ಕ್ಲಬ್ಬು 1977ರಲ್ಲಿ ಮೂವರು ಹೆಂಗಸರನ್ನ ಸೇರಿಸಿಕೊಂಡಿತು. ಮರುವರ್ಷ ಆ ಕ್ಲಬ್ಬನ್ನೇ ಸಂಸ್ಥೆಯಿಂದ ತೆಗೆದುಹಾಕಿದರು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1987ರ ಮೇ 4ರಂದು ಹೆಂಗಸರ ಪರವಾಗಿ ತೀರ್ಪು ಬಂತು. 1989ರಲ್ಲಿ ಸಂಸ್ಥೆಯೇ ನಿಯಮ ಬದಲಾಯಿಸಿತು. ಇದನ್ನ ಯಾಕೆ ಹೇಳಿದೆ ಅಂದ್ರೆ, ಅಲ್ಲಿ 'ಹೆಂಗಸರಿಗಿಲ್ಲ' ಅಂತ ಒಂದು ಸಾಲು ಬರೆದಿತ್ತು. ಬರೆದ ಸಾಲನ್ನ ಕೋರ್ಟಿನಲ್ಲಿ ಹೊಡೆದು ಹಾಕಬಹುದು. ನಮ್ಮ ವಿಷಯದಲ್ಲಿ ಯಾವ ಪುಸ್ತಕದಲ್ಲೂ ಒಂದು ಸಾಲೂ ಬರೆದಿಲ್ಲ. ಒಬ್ಬ ಸದಸ್ಯರು ಹೆಸರು ಸೂಚಿಸಬೇಕು, ಉಳಿದವರು ಒಪ್ಪಬೇಕು, ಅಷ್ಟೇ. ಸೂಚಿಸೋರು ಯಾರನ್ನ ಸೂಚಿಸ್ತಾರೆ? ಮನೆಗೆ ಹೋಗಿ ಬಂದಿರೋರನ್ನ, ಮದುವೆಯಲ್ಲಿ ಪಕ್ಕದ ಎಲೆಯಲ್ಲಿ ಕೂತು ಉಂಡಿರೋರನ್ನ. ಇದರ ಮೇಲೆ ಯಾವ ಕೋರ್ಟಿಗೆ ಹೋಗ್ತೀರಿ?

ಈಗ ಕಕ್ಕಸಿನ ವಿಷಯಕ್ಕೆ ವಾಪಸ್ ಬರೋಣ.

ಶಿಕಾಗೋದಲ್ಲಿ ಶೌಚಾಲಯ ಕಟ್ಟಿಸೋದು ಸೇವೆ. ನಮ್ಮ ದೇಶದಲ್ಲಿ ಶೌಚಾಲಯ ತೊಳೆಯೋದು ಜಾತಿ. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಬೇಕು ಅಂತ ಸರ್ಕಾರದ ಒಳಗಿಂದಲೇ ಆದೇಶ ಕೊಡಿಸಿದವರು ಬಿ. ಬಸವಲಿಂಗಪ್ಪನವರು, ಎಪ್ಪತ್ತರ ದಶಕದ ಆರಂಭದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದಾಗ. ಅದೇ ಬಸವಲಿಂಗಪ್ಪನವರು 1973ರಲ್ಲಿ 'ಬೂಸಾ' ಮಾತಿಗೆ ಮಂತ್ರಿ ಸ್ಥಾನ ಕಳ್ಕೊಂಡರು. ಮಲ ಹೊರೋದರ ವಿರುದ್ಧ ದೇಶಕ್ಕೇ ಕಾನೂನು ಬರಲಿಕ್ಕೆ 1993 ಆಗಬೇಕಾಯ್ತು. ಕಾನೂನು ಬಂದ ಮೇಲೂ ಹೊರೋದು ನಿಲ್ಲಲಿಲ್ಲ. ನಮ್ಮ ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಹನ್ನೊಂದು ವರ್ಷ ಕೇಸು ನಡೀತು.

ತೀರ್ಪು ಬಂದ ದಿನ ನೆನಪಿಟ್ಟುಕೊಳ್ಳಿ. 2014ರ ಮಾರ್ಚ್ 27. 1993ರಿಂದ ಈಚೆಗೆ ಮ್ಯಾನ್‌ಹೋಲಲ್ಲಿ, ಸೆಪ್ಟಿಕ್ ಟ್ಯಾಂಕಲ್ಲಿ ಸತ್ತವರ ಕುಟುಂಬಗಳನ್ನ ಗುರುತಿಸಿ ತಲಾ 10 ಲಕ್ಷ ಕೊಡಿ ಅಂತ ಕೋರ್ಟು ಹೇಳಿತು.

ಅದೇ ದಿನ, ಅದೇ ದಿಲ್ಲಿಯಲ್ಲಿ ಇನ್ನೊಂದು ಕಾರ್ಯಕ್ರಮ ನಡೀತು. ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊದಿಂದ ಮುಕ್ತವಾಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಪೋಲಿಯೊ ಹೋಗಿದ್ದರಲ್ಲಿ ರೋಟರಿಯ ಪಾಲು ದೊಡ್ಡದು, ಅದನ್ನ ಮುಚ್ಚಿಡಬಾರದು. 1985ರಿಂದ ಜಗತ್ತಿನಾದ್ಯಂತ ಅವರು ಆ ಕೆಲಸ ಹಿಡಿದಿದ್ದರು. ನಮ್ಮಲ್ಲಿ 1995ರಲ್ಲಿ ದೇಶಾದ್ಯಂತ ಪಲ್ಸ್ ಪೋಲಿಯೊ ಶುರುವಾಯ್ತು. ನಾನಾಗ ಹೈಸ್ಕೂಲು. ನಮ್ಮೂರಲ್ಲಿ ಬೂತು ಹಾಕಿದ್ದು ಕ್ಲಬ್ಬಿನ ಹಾಲಿನಲ್ಲೇ. ಕೇರಿಯ ಹೆಂಗಸರು ಮಕ್ಕಳನ್ನ ಕಂಕುಳಲ್ಲಿ ಎತ್ಕೊಂಡು ಬಂದವರು ಮೆಟ್ಟಿಲ ಹತ್ತಿರ ನಿಂತುಬಿಟ್ಟರು. ಯಾವತ್ತೂ ಹತ್ತಿದ ಮೆಟ್ಟಿಲಲ್ಲ ಅದು. "ಬನ್ನಿ, ಬನ್ನಿ" ಅಂತ ಒಳಗಿಂದ ಕೂಗಿದರೂ ಯಾರೂ ಹತ್ತಲಿಲ್ಲ. ಕೊನೆಗೆ ಅಂಗನವಾಡಿ ಟೀಚರು ಐಸ್ ಡಬ್ಬ ಎತ್ಕೊಂಡು ಕೆಳಗೆ ಇಳಿದು ಬಂದರು. ಜಗಲಿ ಮೇಲೆ ಕೂತು ಒಂದೊಂದೇ ಮಗುವಿಗೆ ಎರಡೆರಡು ಹನಿ ಹಾಕಿದರು. ದೇಶದಲ್ಲಿ ಪೋಲಿಯೊ ಹೋಗಿದ್ದು ಹೀಗೆ, ಮೆಟ್ಟಿಲು ಇಳಿದು ಬಂದ ಇಂಥ ಹೆಂಗಸರಿಂದ.

ಲೆಕ್ಕ ನೋಡಿ. 2009ರಲ್ಲಿ ಭಾರತದಲ್ಲಿ 741 ಪೋಲಿಯೊ ಪ್ರಕರಣ. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. ಅಂದ್ರೆ ನೂರು ಕೋಟಿಗೂ ಮೀರಿದ ಜನ ಇರೋ ದೇಶದಲ್ಲಿ ಒಂದೊಂದು ಮಗುವನ್ನೂ ಹುಡುಕಿ, ಎಣಿಸಿ, ದಾಖಲೆ ಮಾಡೋ ವ್ಯವಸ್ಥೆ ಕಟ್ಟಿದ್ದರು. ಬೇಕು ಅಂತ ಮನಸ್ಸು ಮಾಡಿದರೆ ಈ ದೇಶಕ್ಕೆ ಎಣಿಸೋಕೆ ಬರುತ್ತೆ. ಆದರೆ ಗುಂಡಿಗೆ ಇಳಿದು ಸತ್ತವರ ಪಟ್ಟಿ ಮಾಡಿ ಅಂತ ಅದೇ ದಿನ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. 2023ರ ಅಕ್ಟೋಬರಿನಲ್ಲಿ ಕೋರ್ಟು ಪರಿಹಾರವನ್ನ 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾದ ಪರಿಸ್ಥಿತಿ ಇನ್ನೂ ಇತ್ತು ಅನ್ನೋದೇ ಅದರ ಅರ್ಥ. ಪೋಲಿಯೊ ಯಾರ ಮನೆ ಮಗುವಿಗೂ ಬರಬಹುದಿತ್ತು. ಗುಂಡಿಯ ಸಾವು ಒಂದೇ ಕೇರಿಗೆ ಬರುತ್ತೆ.

ಇದಕ್ಕೆ ಸೇವಾ ಕ್ಲಬ್ಬುಗಳೇ ಕಾರಣ ಅಂತ ನಾನು ಹೇಳ್ತಿಲ್ಲ. ಯಾವುದು 'ಸಮಸ್ಯೆ' ಅಂತ ತೀರ್ಮಾನ ಆಗೋದು ಮೇಜಿನ ಸುತ್ತ ಕೂತವರಿಂದ. ನಮ್ಮವರು ಒಬ್ಬರೂ ಕೂತಿಲ್ಲದ ಮೇಜಿನಲ್ಲಿ ನಮ್ಮ ಸಾವು ಅಜೆಂಡಾ ಆಗಲ್ಲ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನ ಶಾಲು ಹೊದಿಸೋದು ಅಜೆಂಡಾ ಆಗುತ್ತೆ, ಅಷ್ಟೇ.

ಈಗ ಏಪ್ರಿಲ್ ಕಥೆ. ಕರೆಯೋಕೆ ಬಂದಿದ್ದ ಕಾರ್ಯದರ್ಶಿ ಚಿಕ್ಕ ವಯಸ್ಸಿನವರು, ಒಳ್ಳೆ ಮನುಷ್ಯ. "ಸಾರ್, ಅಂಬೇಡ್ಕರ್ ಬಗ್ಗೆ ಒಂದು ಇಪ್ಪತ್ತು ನಿಮಿಷ" ಅಂದ್ರು. ಬರ್ತೀನಿ, ಆದರೆ ನಿಮ್ಮ ಹಳೇ ನಡಾವಳಿ ಪುಸ್ತಕ ನೋಡೋಕೆ ಕೊಡಬೇಕು ಅಂದೆ. ಆಶ್ಚರ್ಯಪಟ್ಟರು, ಆದರೂ ಕೊಟ್ಟರು. ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ. ಕಡತ ಓದೋದು ನನಗೆ ಅನ್ನ ಕೊಟ್ಟ ವಿದ್ಯೆ. ಎರಡು ಭಾನುವಾರ ಕೂತು ಓದಿದೆ.

ಎಂಥ ಅಚ್ಚುಕಟ್ಟು ಅಂತೀರಿ! ಪ್ರತಿ ಗುರುವಾರದ ದಿನಾಂಕ, ಹಾಜರಿ, ಸೂಚಿಸಿದವರು, ಅನುಮೋದಿಸಿದವರು, ಲೇಟಾಗಿ ಬಂದವರಿಗೆ ದಂಡ. ಒಂದು ವಾರವೂ ತಪ್ಪಿಲ್ಲ. ಎಂಬತ್ತರ ದಶಕದ ಕೊನೆಯ ಒಂದು ಪುಟದಲ್ಲಿ ನಾನು ಸಿಕ್ಕಿದೆ. 'ಹರಿಜನ ಬಡ ವಿದ್ಯಾರ್ಥಿಗಳಿಗೆ ನೋಟ್‌ಬುಕ್ ವಿತರಣೆ, 40 ಮಂದಿ. ಛಾಯಾಚಿತ್ರ ತೆಗೆಸಲಾಯಿತು.' ಆ ನಲವತ್ತರಲ್ಲಿ ನಾನೊಬ್ಬ. ಫೋಟೋ ತೆಗೆಯೋವರೆಗೂ ನೋಟ್‌ಬುಕ್ಕನ್ನ ಎದೆಗೆ ಒತ್ತಿ ಹಿಡಿದು ಬಿಸಿಲಲ್ಲಿ ನಿಂತಿದ್ದು ನೆನಪಿದೆ. ಕೊಟ್ಟವರ ಹೆಸರು ಇನಿಷಿಯಲ್ ಸಮೇತ ಇದೆ. ನಾವು ಬರೀ ಸಂಖ್ಯೆ.

ಆಮೇಲೆ ಖರ್ಚಿನ ಪುಸ್ತಕ ತೆಗೆದೆ. ಅಲ್ಲಿ ಅಪ್ಪ ಸಿಕ್ಕಿದ. ವಾರವಾರವೂ ಒಂದೇ ಸಾಲು. 'ಹಾಲ್ ಗುಡಿಸಿದವನಿಗೆ, ರೂ. 5.' ಅದರ ಮೇಲಿನ ಸಾಲು ಉಪ್ಪಿಟ್ಟಿನ ರವೆ, ಕೆಳಗಿನ ಸಾಲು ಫಿನಾಯಿಲ್. ವೋಚರ್ ಕಟ್ಟಿನಲ್ಲಿ ಹೆಬ್ಬೆಟ್ಟು ಇತ್ತು. ಹನ್ನೊಂದು ವರ್ಷದ ಗುರುವಾರಗಳು. ಹಾಜರಿ ಲೆಕ್ಕ ಹಾಕಿದರೆ ಯಾವ ಅಧ್ಯಕ್ಷರಿಗಿಂತಲೂ ಹೆಚ್ಚು ಸಭೆಗೆ ನಮ್ಮಪ್ಪ ಬಂದಿದ್ದ. ಆದರೆ ಅಷ್ಟೂ ಪುಟಗಳಲ್ಲಿ ಒಂದು ಕಡೆಯೂ ಅಪ್ಪನ ಹೆಸರಿಲ್ಲ. ಆ ಹೆಬ್ಬೆಟ್ಟಿನ ಮೇಲೆ ನನ್ನ ಹೆಬ್ಬೆಟ್ಟು ಇಟ್ಟು ನೋಡಿದೆ. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು.

ಗುರುವಾರ ಹೋದೆ. ಮೆಟ್ಟಿಲು ಹತ್ತಿದೆ, ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಅದೇ ಗಂಟೆ. ಗೋಡೆ ಮೇಲೆ ರೋಟರಿಯವರಲ್ಲಿ ಬಹಳ ಹೆಸರಾದ ಆ ನಾಲ್ಕು ಪ್ರಶ್ನೆಗಳ ಬೋರ್ಡು. ಎಷ್ಟೋ ಬೇರೆ ಸಂಘಗಳೂ, ಶಾಲೆಗಳೂ ತೂಗು ಹಾಕಿಕೊಂಡಿರೋದು ಅದು. 1932ರಲ್ಲಿ ಮುಳುಗೋ ಸ್ಥಿತಿಯಲ್ಲಿದ್ದ ಒಂದು ಪಾತ್ರೆ ಕಂಪನಿಯನ್ನ ಉಳಿಸೋಕೆ ಶಿಕಾಗೋದ ಹರ್ಬರ್ಟ್ ಟೇಲರ್ ಬರೆದುಕೊಂಡಿದ್ದು. ಮಾಡೋ ಕೆಲಸ ನಿಜದ್ದಾ, ಎಲ್ಲರಿಗೂ ನ್ಯಾಯವಾ, ಸ್ನೇಹ ಬೆಳೆಸುತ್ತಾ, ಎಲ್ಲರಿಗೂ ಒಳ್ಳೇದಾಗುತ್ತಾ ಅಂತ ಕೇಳ್ಕೋಬೇಕು ಅನ್ನೋದು ಅದರ ತಿರುಳು. ನಾನು ಭಾಷಣ ಅಲ್ಲಿಂದಲೇ ಶುರು ಮಾಡಿದೆ. 'ಎಲ್ಲರಿಗೂ' ಅಂದ್ರೆ ಯಾರ್ಯಾರು, ಎಣಿಸೋಣ ಅಂದೆ. ಬಾಬಾಸಾಹೇಬರ ವಿಷಯ ಹೇಳಿದೆ, ಮಾರ್ಚ್ 27ರ ವಿಷಯ ಹೇಳಿದೆ. ಕೊನೆಗೆ ಖರ್ಚಿನ ಪುಸ್ತಕ ತೆರೆದು ಆ ಸಾಲು ಓದಿದೆ. ಇವರು ನಮ್ಮಪ್ಪ ಅಂದೆ. ಅಪ್ಪನ ಪೂರ್ತಿ ಹೆಸರು ಹೇಳಿದೆ. ಇವತ್ತಿನ ನಡಾವಳಿಯಲ್ಲಿ ಈ ಹೆಸರು ಬರೆಯಿರಿ, ನನಗೆ ಶಾಲು ಬೇಡ ಅಂದೆ.

ಹಾಲ್ ಸುಮ್ಮನಾಯ್ತು. ಒಬ್ಬರು ಹಿರಿಯರು, ಆ ಕಾಲದಿಂದಲೂ ಇದ್ದವರು, ಎದ್ದು ಏನೋ ಹೇಳೋಕೆ ಹೋಗಿ ಕೂತುಬಿಟ್ಟರು. ಆಮೇಲೆ ಟೀ ಕುಡಿಯುವಾಗ ನನ್ನ ಹತ್ತಿರ ಬಂದು "ಆ ಲೋಟ ನನಗೆ ಜ್ಞಾಪಕ ಇದೆ ಕಣಪ್ಪ" ಅಂದ್ರು. ಅಷ್ಟೇ ಅಂದಿದ್ದು. ಕಾರ್ಯದರ್ಶಿ ನನ್ನ ಮುಂದೆಯೇ ಹೆಸರು ಬರೆದರು. ಒತ್ತಕ್ಷರ ತಪ್ಪಿತ್ತು, ತಿದ್ದಿಸಿದೆ.

ಮೆಂಬರ್ ಆಗಿ ಅಂತ ಕೇಳಿದ್ದು ನಿಜ. ಆಗಲ್ಲ ಅಂತ ಬಾಗಿಲು ಹಾಕಿ ಬಂದಿಲ್ಲ. ಒಂದು ಮಾತು ಇಟ್ಟು ಬಂದಿದ್ದೀನಿ. ನಾನು ಸರ್ಕಾರಿ ನೌಕರ, ಇಸ್ತ್ರಿ ಶರ್ಟು ಹಾಕ್ಕೊಂಡು ಬರ್ತೀನಿ, ನನ್ನನ್ನ ಸೇರಿಸಿಕೊಳ್ಳೋದು ನಿಮಗೆ ಸುಲಭ. ನಮ್ಮೂರ ಪೌರಕಾರ್ಮಿಕರ ಸಂಘದ ಮುಂದಾಳು ಹೆಣ್ಣುಮಗಳೊಬ್ಬರಿದ್ದಾರೆ. ಊರಿನ ಸ್ವಚ್ಛತೆಯ ಕಸುಬಿನಿಂದ ಅವರನ್ನ ಸೂಚಿಸಿ, ಆಮೇಲೆ ನನ್ನ ವಿಷಯ ನೋಡೋಣ ಅಂದೆ. "ಚರ್ಚೆ ಮಾಡ್ತೀವಿ" ಅಂದಿದ್ದಾರೆ. ಇನ್ನೂ ಸುದ್ದಿ ಇಲ್ಲ.

ಈಗ ನಮ್ಮವರಿಗೆ ಒಂದು ಮಾತು. ಇದನ್ನ ಓದಿ ಬೇಜಾರಾದರೂ ಪರವಾಗಿಲ್ಲ.

ಆ ನಡಾವಳಿ ಪುಸ್ತಕ ಓದುವಾಗ ನನಗೆ ಬಂದಿದ್ದು ಸಿಟ್ಟಿಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ನಮ್ಮ ಸಂಘಗಳ ಪುಸ್ತಕ ಎಲ್ಲಿದೆ? ಬಾಬಾಸಾಹೇಬರು ಬೊಂಬಾಯಿಯಿಂದ ಹೋಗಿ ಬಂದ ಕೂಡಲೇ ಮುಗಿಯೋ ಭಾಷಣಗಳನ್ನ ಮಾಡಿದವರಲ್ಲ, ಸಂಸ್ಥೆ ಕಟ್ಟಿದವರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದಕ್ಕೆ ನಿಯಮ, ಉದ್ದೇಶ, ಆಡಳಿತ ಮಂಡಳಿ ಎಲ್ಲಾ ಇತ್ತು. 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲ್ಲು, ಆಮೇಲೆ ನಮ್ಮ ಧಾರವಾಡದಲ್ಲೂ ಹಾಸ್ಟೆಲ್ಲು ನಡೆಸಿದರು. ನಮ್ಮಲ್ಲಿ ಭದ್ರಾವತಿಯ ಮೇಷ್ಟ್ರು ಪ್ರೊ. ಬಿ. ಕೃಷ್ಣಪ್ಪನವರು ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಹಾಸ್ಟೆಲ್ ರೂಮುಗಳಲ್ಲಿ, ಮರದ ಕೆಳಗೆ ಕೂತು ಅಧ್ಯಯನ ಶಿಬಿರ ಮಾಡ್ತಿದ್ದರು. ಅಲ್ಲಿ ಊಟ ಬಡಿಸಿದವನೂ ಸಭೆಯವನೇ, ಗುಡಿಸಿದವನೂ ಸಭೆಯವನೇ. ಹೊರಗೆ ನಿಂತವರು ಯಾರೂ ಇರಲಿಲ್ಲ. ಅದು ನಮ್ಮ ಪರಂಪರೆ, ಯಾವ ಕ್ಲಬ್ಬಿಗಿಂತಲೂ ದೊಡ್ಡದು.

ಆದರೆ ಈಗ? ಹನ್ನೊಂದಕ್ಕೆ ಮೀಟಿಂಗು ಅಂದ್ರೆ ಒಂದಕ್ಕೆ ಬರ್ತೀವಿ. ನಡಾವಳಿ ಬರೆಯಲ್ಲ. ಲೆಕ್ಕ ಕೇಳಿದರೆ ಸಂಘ ಒಡೆಯುತ್ತೆ. ಏಪ್ರಿಲ್ 14, ಡಿಸೆಂಬರ್ 6 ಬಿಟ್ಟರೆ ಸೇರಲ್ಲ. ಹೆಂಗಸರಿಗೆ ಯಾವ ಹೊತ್ತು ಆಗುತ್ತೆ ಅಂತ ಕೇಳೋದೇ ಇಲ್ಲ. ಮೂವತ್ತು ವರ್ಷದ ಹೋರಾಟ ಮಾಡಿದೋರ ಹೆಸರು ನಮ್ಮದೇ ಯಾವ ಪುಸ್ತಕದಲ್ಲೂ ಇಲ್ಲ. ಅವರು ನಮ್ಮಪ್ಪನ ಹೆಸರು ಬರೆಯಲಿಲ್ಲ ಅಂತ ಕೇಳೋ ನಾನು, ನಮ್ಮ ಸಂಘಕ್ಕೆ ಜೀವ ತೇದವರ ಹೆಸರು ಎಲ್ಲಿ ಬರೆದಿದ್ದೀನಿ?

ಅದಕ್ಕೇ ಮೇ ತಿಂಗಳಿಂದ ಒಂದು ಕೆಲಸ ಶುರು ಮಾಡಿದ್ದೀವಿ. ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆ, ಕೇರಿಯ ಸಮುದಾಯ ಭವನ. ಪೌರಕಾರ್ಮಿಕ ಹೆಂಗಸರನ್ನ ಕೇಳಿಯೇ ಆ ಹೊತ್ತು ಇಟ್ಟಿದ್ದು. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ನನ್ನ ಕೈಬರಹ. ಮೊದಲ ವಾರ ಹನ್ನೊಂದು ಜನ. ಮೂರನೇ ವಾರ ಆರೇ ಜನ. ಕಳೆದ ವಾರ ಹದಿನಾಲ್ಕು. ಮೊದಲ ನಿರ್ಣಯ, ನಮ್ಮೂರಲ್ಲಿ ಇವತ್ತಿಗೂ ದುಡ್ಡು ಕೊಟ್ಟು ಯಾರ್ಯಾರನ್ನ ಸೆಪ್ಟಿಕ್ ಗುಂಡಿಗೆ ಇಳಿಸ್ತಿದ್ದಾರೆ ಅಂತ ಪಟ್ಟಿ ಮಾಡೋದು. ಬರೀ ಸಂಖ್ಯೆ ಅಲ್ಲ, ಹೆಸರು. ಯಾರೋ ಎಣಿಸ್ತಾರೆ ಅಂತ ಕಾಯೋದು ಸಾಕು.

ಕ್ಲಬ್ಬಿನಿಂದ ನಾನು ತಗೊಂಡು ಬಂದಿದ್ದು ಇಷ್ಟೇ. ಗೊತ್ತಾದ ದಿನ, ಗೊತ್ತಾದ ಹೊತ್ತು, ಬರೆದಿಡೋ ಪುಸ್ತಕ. ಇದೇನು ಶಿಕಾಗೋದವರ ಸ್ವತ್ತಲ್ಲ. ಹನ್ನೊಂದು ವರ್ಷ ಒಂದು ಗುರುವಾರವೂ ತಪ್ಪಿಸದೆ ಹೋದ ನಮ್ಮಪ್ಪನದ್ದೂ ಹೌದು.

ನಿಮ್ಮೂರಲ್ಲೂ ಶುರು ಮಾಡಿ. ಆಗದಿದ್ದರೆ, ನಿಮ್ಮೂರ ಚರಂಡಿ ಬಾಚೋ ಅಣ್ಣ ಅಕ್ಕಂದಿರ ಹೆಸರು ಕೇಳಿ ಒಂದು ಹಾಳೆಯಲ್ಲಿ ಬರೆದಾದರೂ ಇಡಿ.

ಭಾನುವಾರ ಮೂರು ಗಂಟೆಗೆ ಸಿಗೋಣ. ಲೇಟಾಗಿ ಬಂದವರಿಗೆ ಐದು ರೂಪಾಯಿ ದಂಡ.

ಜೈಭೀಮ್.